ಬೀದಿಯಾಚೆಯ ಐದು ಆಂಪಿಯರ್

ಮರಾಶ್ ಬೀದಿ, ಬುರ್ಜ್ ಹಮ್ಮೂದ್
ಬೇರೂತ್
ಗುರುವಾರ, ೧೧ ಆಗಸ್ಟ್ ೨೦೨೨

ಎದುರು ಮನೆಯ ಮೂರನೇ ಮಹಡಿಯಲ್ಲಿ ಬಿಡಾರ ಹೂಡಿರುವ ಖೊರೆನ್‌ಗೆ, ಚರ್ಚಿನ ದಾಖಲೆಯಲ್ಲಿ ಇನ್ನೂ ನಿನ್ನ ಹೆಂಡತಿಯಾಗಿರುವ ಅಜ್ನೀವ್ ಬರೆಯುವುದು.

ಕ್ಷೇಮ ವಿಚಾರಿಸುವ ಪದ್ಧತಿಯನ್ನು ಬಿಟ್ಟುಬಿಡೋಣ. ನೀನು ಕ್ಷೇಮವಾಗಿರುವುದು ನನಗೆ ದಿನವೂ ಕಾಣುತ್ತಲೇ ಇದೆ. ಬನಿಯನ್ ತೊಟ್ಟು ಬಾಲ್ಕನಿಗೆ ಬರುತ್ತೀಯ, ಹೊಟ್ಟೆ ಕೆರೆದುಕೊಳ್ಳುತ್ತೀಯ, ಕಾಫಿ ಹಿಡಿದು ನಮ್ಮ ಕಿಟಕಿಯೊಂದನ್ನು ಬಿಟ್ಟು ಬೀದಿಯ ಮಿಕ್ಕೆಲ್ಲ ಕಿಟಕಿಗಳನ್ನು ನೋಡುತ್ತೀಯ. ಸೀನಿದರೆ ನಮ್ಮ ಮನೆಯ ಪರದೆ ಅಲುಗುವಷ್ಟು ಹತ್ತಿರ ಇದ್ದೀಯ. ಇಷ್ಟು ಹತ್ತಿರದವನಿಗೆ ಪತ್ರ ಏಕೆ ಎಂದು ನೀನು ಹುಬ್ಬೇರಿಸಬಹುದು. ಬಾಲ್ಕನಿಯಿಂದ ಕೂಗಿ ಹೇಳಿದ ಮಾತು ಈ ಬೀದಿಯಲ್ಲಿ ಯಾರದೂ ಅಲ್ಲ, ಎಲ್ಲರದು. ನಾನು ಇವತ್ತು ಹೇಳಬೇಕಾದದ್ದು ಇಬ್ಬರ ಕಿವಿಗೆ ಬೀಳಬಾರದು. ಒಬ್ಬರು ನಿನ್ನ ತಾಯಿ. ಇನ್ನೊಬ್ಬ ನಮ್ಮ ಬದಿಯ ಮನೆಗಳಿಗೆ ಕರೆಂಟು ಮಾರುವ ಜನರೇಟರ್ ದೊರೆ ವ್ರೆಜ್. ಅದಕ್ಕೇ ಇದನ್ನು ರೊಟ್ಟಿಯ ಬುಟ್ಟಿಯಲ್ಲಿ ಹಾಕಿ ಹಗ್ಗದಲ್ಲಿ ಇಳಿಸುತ್ತಿದ್ದೇನೆ.

ನಿನ್ನ ನಾಲ್ಕು ಪುಟದ ಪತ್ರ ತಲುಪಿತು. ಮೇಲೆ ದೊಡ್ಡ ಅಕ್ಷರದಲ್ಲಿ 'ಮನೆಗೆ ಬದಲಿ ವಿದ್ಯುತ್ ವ್ಯವಸ್ಥೆ ಆರಿಸಿಕೊಳ್ಳುವ ಬಗ್ಗೆ' ಎಂದು ಬರೆದು, ಅದರ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದೀಯ. ಹೆತ್ತ ತಾಯಿಗೆ ಉಸಿರಾಟದ ಯಂತ್ರ ಹಾಕಿದ ಮೇಲೆ ಮಗ ಬರೆದ ಮೊದಲ ಕಾಗದ, ಅದಕ್ಕೊಂದು ತಲೆಬರಹ. ನಾನು ಅದನ್ನು ಸೂಜುಕ್ ಸಾಸೇಜು ಸುತ್ತಿಡಲು ಬಳಸಿ ಕೈತೊಳೆದುಕೊಳ್ಳುತ್ತಿದ್ದೆ. ಆದರೆ ನಾಲ್ಕನೇ ಪುಟದ ಕೊನೆಗೆ ಒಂದು ಮಾತು ಸೇರಿಸಿದ್ದೀಯ: ನಾನಿರುವ ಮನೆಯ ಲೈನಿನಲ್ಲಿ ಯಾರೋ ರಾತ್ರಿ ಹೊತ್ತು ಕರೆಂಟು ಕದಿಯುತ್ತಿದ್ದಾರೆ, ಶನಿವಾರ ಈ ಬದಿಯ ಜನರೇಟರ್ ಮಾಲೀಕ ಅಬು ಸಮೀರ್‌ನ ಆಳನ್ನು ಕರೆಸಿ ವೈರು ಹುಡುಕಿಸುತ್ತೇನೆ, ಸಿಕ್ಕ ಕೂಡಲೇ ನನ್ನ ಕೈಯಾರೆ ಕತ್ತರಿಸುತ್ತೇನೆ ಎಂದು. ಈ ಉತ್ತರ ಆ ಒಂದು ಮಾತಿಗೆ. ಆದರೂ ನಿನ್ನ ಸಲಹೆಗಳನ್ನು ಹಾಗೇ ಬಿಟ್ಟರೆ ಅವುಗಳಿಗೆ ಬೇಸರವಾದೀತು, ಆದ್ದರಿಂದ ಅವನ್ನೂ ಒಂದು ಸುತ್ತು ನೋಡಿಬಿಡೋಣ.

ಮೊದಲು ನೀನು ಲಿಥಿಯಂ ಬ್ಯಾಟರಿಯನ್ನು ಕೊಂಡಾಡಿದ್ದೀಯ. ಹಗುರವಂತೆ, ಹತ್ತು ವರ್ಷ ಬಾಳುತ್ತದಂತೆ, ಸದ್ದಿಲ್ಲವಂತೆ. ಮದುವೆಗೆ ಗಂಡು ತೋರಿಸುವವರೂ ಇಷ್ಟು ಹೊಗಳುವುದಿಲ್ಲ. ಎಲ್ಲ ಸರಿ, ಯಾರು ಕೊಳ್ಳಬೇಕು ಎಂಬಲ್ಲಿಗೆ ಬಂದಾಗ ಮಾತ್ರ ನಿನ್ನ ಪೆನ್ನಿಗೆ ಶಾಯಿ ಸಾಲಲಿಲ್ಲ. ನನ್ನ ಹೊಲಿಗೆಯ ಉಳಿತಾಯ ಬ್ಯಾಂಕಿನಲ್ಲಿತ್ತು, ಬ್ಯಾಂಕಿನಲ್ಲೇ ಸತ್ತಿತು, ನಿನಗೂ ಗೊತ್ತು. 'ನಿನ್ನ ಅನುಕೂಲ ನೋಡಿಕೊಂಡು ತೀರ್ಮಾನಿಸು' ಎಂದು ಬರೆದಿದ್ದೀಯ. ನನ್ನ ಅನುಕೂಲವನ್ನು ನೀನು ಕಡೆಯ ಸಲ ನೋಡಿದ್ದು ಯಾವಾಗ ಎಂದು ನನಗೆ ನೆನಪಿಲ್ಲ.

ಆಮೇಲೆ ಬಾಲ್ಕನಿಯಲ್ಲಿಡುವ ಸಣ್ಣ ಪೆಟ್ರೋಲ್ ಜನರೇಟರ್. ಖೊರೆನ್, ಅದನ್ನು ನೀನು ಒಮ್ಮೆ ತಂದಿದ್ದೆ. ಮರೆತಿದ್ದರೆ ಬೀದಿಯಲ್ಲಿ ಯಾರನ್ನಾದರೂ ಕೇಳು. ಶುರು ಮಾಡಿದ ಕೂಡಲೇ ಕೆಳಮನೆಯ ಮಗು ಕಿರುಚಿತು, ನಮ್ಮ ಮೇಜಿನ ಮೇಲಿನ ಲೋಟಗಳೆಲ್ಲ ತಾವಾಗಿಯೇ ನಡೆದುಕೊಂಡು ಅಂಚಿಗೆ ಬಂದವು, ಹೊಗೆ ನೆಟ್ಟಗೆ ನಿನ್ನ ತಾಯಿಯ ಕೋಣೆಗೆ ನುಗ್ಗಿತು. ನೀನು ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, 'ನೋಡಿದ್ಯಾ, ನಾನಿರೋವಾಗ ಈ ಮನೆ ಕತ್ತಲಲ್ಲಿ ಇರಲ್ಲ' ಎಂದೆ. ಅತ್ತೆ ಕೆಮ್ಮುತ್ತಾ ಒಳಗಿನಿಂದ ಹೇಳಿದರು, 'ಬೆಳಕು ಸಾಕು ಕಂದಾ, ಸ್ವಲ್ಪ ಗಾಳಿ ಬಿಡು' ಎಂದು. ನೀನು ಅದನ್ನು ಮೆಚ್ಚುಗೆ ಎಂದು ತಿಳಿದುಕೊಂಡೆ.

ಮೂರನೆಯದು ಲಾರಿಯ ಹಳೆ ಬ್ಯಾಟರಿಗಳು. ಇದನ್ನು ಪತ್ರದಲ್ಲಿ ಬಹಳ ಮೃದುವಾಗಿ ಬರೆದಿದ್ದೀಯ, 'ಕಡಿಮೆ ಖರ್ಚಿನವರಿಗೆ ಇದೂ ಒಂದು ದಾರಿ' ಎಂದು. ಯಾವ ದಾರಿ ಎಂದು ನಾನು ಹೇಳುತ್ತೇನೆ. ಆ ನಾಲ್ಕು ಬ್ಯಾಟರಿಗಳನ್ನು ನೀನು ನಿನ್ನ ತಾಯಿಯ ಮಂಚದ ಕೆಳಗೆ ಇಟ್ಟೆ. ಮನೆಯಲ್ಲಿ ಬೇರೆ ಜಾಗವಿಲ್ಲ, ಅಲ್ಲಾದರೆ ಯಾರ ಕಾಲಿಗೂ ತೊಡರುವುದಿಲ್ಲ ಎಂದೆ. ಈ ಬೀದಿಯಲ್ಲಿ ಅರ್ಧ ಜನ ಮಂಚದ ಕೆಳಗೇ ಇಟ್ಟಿದ್ದಾರೆ, ಅದೇ ನಿನ್ನ ವಾದ. ಚಳಿಗಾಲವಿಡೀ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಕೆಳಗೆ ಬ್ಯಾಟರಿಗಳು ಕುದಿಯುತ್ತಾ ಹುಳಿ ಆವಿ ಬಿಡುತ್ತಿದ್ದವು, ಮೇಲೆ ಅವರು ಮಲಗಿದ್ದರು. ಹಾಸಿಗೆಯ ಹೊದಿಕೆ ಮುಟ್ಟಿದರೆ ಹರಿಯುವ ಹಾಗಾಗಿತ್ತು. ನಾನು ದರ್ಜಿ, ಬಟ್ಟೆ ತಾನಾಗಿ ಪಿಸಿಯುವುದಿಲ್ಲ ಎಂದು ನನಗೆ ಗೊತ್ತು. ನಿನಗೆ ಹೇಳಿದೆ. 'ನಿನಗೆ ಕರೆಂಟಿನ ವಿಷಯ ಏನ್ ಗೊತ್ತು, ನೀನು ನಿನ್ನ ಸೂಜಿ ನೋಡ್ಕೋ' ಎಂದೆ. ಡಾಕ್ಟರು ಪುಪ್ಪುಸದ ಚಿತ್ರ ಹಿಡಿದು, ಈ ಕೋಣೆಯಲ್ಲಿ ಏನಿಟ್ಟಿದ್ದೀರಿ ಎಂದು ಕೇಳಿದ ದಿನ ನೀನು ಬಂದಿರಲಿಲ್ಲ. ಅಷ್ಟರಲ್ಲಿ ನೀನು ಕಾಲಿಗೆ ಬುದ್ಧಿ ಹೇಳಿ ಬೀದಿ ದಾಟಿದ್ದೆ.

ನಿನ್ನ ನಾಲ್ಕನೆಯ ಸಲಹೆಯನ್ನು ಓದಿದಾಗ ನಾನು ಕೂತ ಕುರ್ಚಿಯಿಂದ ಎದ್ದು ನಿಂತೆ. ಅಮ್ಮನನ್ನು ನಾನಿರುವಲ್ಲಿಗೇ ಕರೆಸಿಕೊಳ್ಳುತ್ತೇನೆ, ಈ ಬದಿಯಲ್ಲಿ ರಾತ್ರಿಯಿಡೀ ಕರೆಂಟಿದೆ ಎಂದು ಬರೆದಿದ್ದೀಯ. ಯಾವ ಮನೆಗೆ ಕರೆಸುತ್ತೀಯ? ನನ್ನನ್ನು ಬಿಟ್ಟು ನೀನು ಸೇರಿಕೊಂಡ ಸಿರ್ವಾರ್ತಳ ಮನೆಗೆ. ಹೊರಟ ದಿನ ನೀನು ಷೂ ಅಂಗಡಿಯ ಬೀಗದ ಕೈಯನ್ನೂ ಬಿಡದೆ ಎತ್ತಿಕೊಂಡು ಹೋದೆ, ತಾಯಿಯನ್ನು ಮಾತ್ರ ಮರೆತೆ. ಅವತ್ತು ಅವರು ಎದೆಗೆ ಬೈಬಲ್ ಒತ್ತಿಕೊಂಡು, ಆ ಮನೆಯಿಂದ ನನಗೆ ಒಂದು ಚಿಟಿಕೆ ಉಪ್ಪೂ ಬೇಡ ಎಂದು ಆಣೆ ಇಟ್ಟರು. ಮೂರು ಮಹಡಿ ಇಳಿಸಿ, ಮತ್ತೆ ಮೂರು ಮಹಡಿ ಹತ್ತಿಸಿ, ಆ ಹೊಸಿಲು ದಾಟಿಸುತ್ತೇನೆ ಎನ್ನುತ್ತೀಯಲ್ಲ, ನಿನಗೆ ತಾಯಿಯ ಪರಿಚಯ ಎಷ್ಟಿದೆ ಎಂದು ಅಳೆಯಲು ಈ ಒಂದು ಸಾಲು ಸಾಕು. ಅದೂ ಅಲ್ಲದೆ ಅವರು ಎಲ್ಲಿರಬೇಕು ಎಂದು ತೀರ್ಮಾನಿಸುವ ಹಕ್ಕು ಅವರ ಬೆನ್ನು ತೊಳೆಯುವವರದು. ಅದು ನಾನು. ಅವರನ್ನು ನಿನಗೆ ಬಿಟ್ಟುಕೊಡುವುದಿಲ್ಲ.

ಈಗ ಆರಿಸಿಕೊಂಡ ಕಥೆ ಕೇಳು. ನಿನ್ನ ತಾಯಿ ಹಗಲು ಕುರ್ಚಿಯಲ್ಲಿ ಕೂತಿದ್ದಾಗ ಯಂತ್ರವಿಲ್ಲದೆ ಒಂದಷ್ಟು ಹೊತ್ತು ತಡೆಯುತ್ತಾರೆ. ಮಲಗಿದರೆ ತಡೆಯುವುದಿಲ್ಲ. ರಾತ್ರಿ ಯಂತ್ರ ನಿಲ್ಲಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಸರ್ಕಾರದ ಕರೆಂಟು ಯಾವಾಗ ಬಂತು ಯಾವಾಗ ಹೋಯಿತು ಎಂದು ಈಗ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಇರುವುದು ವ್ರೆಜ್‌ನ ಜನರೇಟರ್, ಅವನು ನಡುರಾತ್ರಿಗೆ ಆರಿಸಿದರೆ ಬೆಳಕು ಹರಿದ ಮೇಲೆಯೇ ಹಚ್ಚುವುದು. ಹಾಗಾಗಿ ಅವರ ಉಸಿರಿಗೆ ಬೇಕಾದದ್ದು ಆ ನಡುವಿನ ಕತ್ತಲಿಗೊಂದು ದಾರಿ. ಬೇರೆ ಯಾವ ದೊಡ್ಡ ವ್ಯವಸ್ಥೆಯೂ ನನಗೆ ಬೇಕಿರಲಿಲ್ಲ. ಫ್ಯಾನು ಬೇಡ, ದೀಪ ಬೇಡ, ಒಂದು ಯಂತ್ರ ಓಡಿದರೆ ಸಾಕಿತ್ತು.

ಮೊದಲು ವ್ರೆಜ್‌ನ ಹತ್ತಿರ ಹೋದೆ. ಕತ್ತಿನ ಸರ ತಿರುವುತ್ತಾ ಕೂತಿದ್ದ. ರಾತ್ರಿ ಒಂದು ಮನೆಗಾಗಿ ಇಡೀ ಮೆಷೀನು ಓಡಿಸಲಾ ಅಕ್ಕಾ, ಡೀಸೆಲು ನಿಮ್ಮಪ್ಪನ ಬಾವಿಯಿಂದ ಬರುತ್ತಾ ಎಂದ. ಹಾಗಾದರೆ ಆಚೆ ಬದಿಯ ಅಬು ಸಮೀರ್‌ನಿಂದ ಒಂದು ಎಳೆ ತರಿಸಿಕೊಳ್ಳುತ್ತೇನೆ ಎಂದೆ. ಅವನ ಮುಖ ನೀನು ನೋಡಬೇಕಿತ್ತು. ಬೀದಿಯ ನಡುವೆ ಚರಂಡಿ ಇದೆಯಲ್ಲ, ಅದು ಅವರಿಬ್ಬರ ದೇಶದ ಗಡಿ. ಈಚೆಯವರು ವ್ರೆಜ್‌ನ ಪ್ರಜೆಗಳು, ಆಚೆಯವರು ಅಬು ಸಮೀರ್‌ನ ಪ್ರಜೆಗಳು. ಒಬ್ಬನ ವೈರು ಚರಂಡಿ ದಾಟಿದ್ದು ಕಂಡರೆ ಕೊಟ್ಟ ಮನೆಗೂ ಕತ್ತಲೆ, ಪಡೆದ ಮನೆಗೂ ಕತ್ತಲೆ. 'ದಾಟ್ಸು ನೋಡೋಣ,' ಎಂದ ವ್ರೆಜ್, 'ನಿನ್ನ ಹೊಲಿಗೆ ಮೆಷೀನು ಆಮೇಲೆ ಕಾಲಲ್ಲೇ ತುಳ್ಕೋ.' ಅವನ ಮದುವೆಯ ಕೋಟು ನಾನೇ ಹೊಲಿದದ್ದು. ಇನ್ನೊಂದು ಹೊಲಿಯಲು ಬಂದರೆ ಕಂಕುಳಲ್ಲಿ ಸೂಜಿ ಬಿಟ್ಟು ಕಳಿಸುತ್ತೇನೆ.

ಆಮೇಲೆ ನಿನ್ನ ಚಿಕ್ಕಪ್ಪನ ಮಗ ನುಬಾರ್ ಬಂದ. ಮೊನ್ನೆಯವರೆಗೆ ಸುಗಂಧದ ಸೀಸೆ ಮಾರುತ್ತಿದ್ದವನು ಈಗ ಸೌರಫಲಕದ ಪರಿಣತ. ನಮ್ಮ ಕಟ್ಟಡದ ತಾರಸಿ ಹತ್ತಿ, ನೀರಿನ ತೊಟ್ಟಿಗಳನ್ನೂ ಮೇಲ್ಮನೆಯವರ ಪಾರಿವಾಳದ ಗೂಡನ್ನೂ ನೋಡಿ ಇಳಿದು ಬಂದು, ಸೂರ್ಯ ಯಾರಪ್ಪನ ಆಸ್ತಿಯೂ ಅಲ್ಲ ಅತ್ತಿಗೆ ಎಂದ. ತಾರಸಿ ಮಾತ್ರ ಯಾರದೋ ಆಸ್ತಿ, ಅವರು ಒಂದು ಗೇಣು ಜಾಗವನ್ನೂ ಬಿಡಲಿಲ್ಲ. ಹಾಗಾದರೆ ಬರೀ ಬ್ಯಾಟರಿ ಹಾಕೋಣ ಎಂದು ಒಂದನ್ನು ತಂದು ಕೊಟ್ಟ. ಹೊಚ್ಚ ಹೊಸದು ಎಂಬ ಚೀಟಿ ಅದರ ಮೇಲಿತ್ತು. ಚೀಟಿಯ ಅಂಟು ಹಸಿಯಾಗಿತ್ತು, ಹೊಸದಾಗಿದ್ದದ್ದು ಅದೊಂದೇ. ಎರಡನೆಯ ರಾತ್ರಿಗೆ ಅದು ನಿಂತುಹೋಯಿತು. ನುಬಾರ್‌ಗೆ ಫೋನ್ ಮಾಡಿದರೆ, ನೀವು ಅದನ್ನು ಪ್ರೀತಿಯಿಂದ ನೋಡಿಕೊಂಡಿಲ್ಲ ಅತ್ತಿಗೆ ಎಂದ. ನಿಮ್ಮ ವಂಶದ ಗಂಡಸರಿಗೆ ಸತ್ತ ವಸ್ತುವಿನ ಎದುರು ನಿಂತು ಇನ್ನೊಬ್ಬರ ತಪ್ಪು ಹುಡುಕುವ ಕಲೆ ಹುಟ್ಟಿನಿಂದಲೇ ಬಂದಿರಬೇಕು.

ಆ ಬ್ಯಾಟರಿ ನಿಂತ ರಾತ್ರಿಯ ಮಾತಿದು. ಯಂತ್ರಕ್ಕೆ ಕರೆಂಟು ತಪ್ಪಿದರೆ ಅದು ಕುಯ್ ಎಂದು ಅರಚಲು ಶುರು ಮಾಡುತ್ತದೆ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡರೂ ಕೇಳುವ ಅರಚಾಟ. ನಾನು ಅತ್ತೆಯನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಮನೆಯಲ್ಲಿದ್ದ ಸಣ್ಣ ಆಮ್ಲಜನಕದ ಸಿಲಿಂಡರಿನ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದೆ. ಅವರ ತುಟಿ ನೀಲಿಗಟ್ಟಿತ್ತು. ನನಗೆ ಭಯವಾಯಿತು ಖೊರೆನ್. ಬೀದಿಯಲ್ಲಿ ಎಷ್ಟೋ ಕಿಟಕಿ ತೆರೆದವು, ಅಯ್ಯೋ ಪಾಪ ಎಂದು ಮತ್ತೆ ಮುಚ್ಚಿದವು. ನಿನ್ನ ಕಿಟಕಿ ತೆರೆಯಲೇ ಇಲ್ಲ. ನೀನು ಏಸಿ ಹಾಕಿಕೊಂಡು, ಗಾಜು ಮುಚ್ಚಿಕೊಂಡು, ಗೊರಕೆ ಹೊಡೆಯುತ್ತಾ ಮಲಗಿದ್ದೆ.

ಬಾಲ್ಕನಿಗೆ ಬಂದವಳು ಸಿರ್ವಾರ್ತ್. ಸಿಗರೇಟು ಹಿಡಿದು ನಿಂತು ನನ್ನನ್ನೇ ನೋಡಿದಳು. ಅವಳೂ ನಾನೂ ಅಲ್ಲಿಯವರೆಗೆ ಒಂದು ಮಾತೂ ಆಡಿದವರಲ್ಲ. 'ಅಜ್ನೀವ್, ನಿನ್ನ ಪೊರಕೆ ಕೊಡು ಇತ್ಲಾಗೆ' ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಉದ್ದ ಕೋಲಿನ ಪೊರಕೆಯನ್ನು ಚಾಚಿದೆ. ಅವಳು ಅದರ ತುದಿಗೆ ಒಂದು ಕಿತ್ತಳೆ ಬಣ್ಣದ ವೈರಿನ ತಲೆಯನ್ನು ಕಟ್ಟಿ, 'ಎಳ್ಕೋ, ಕೆಳಗೆ ಯಾರೂ ಇಲ್ಲ' ಎಂದಳು. ಎಳೆದುಕೊಂಡೆ. ಯಂತ್ರ ಅರಚುವುದನ್ನು ನಿಲ್ಲಿಸಿ ಗುರುಗುಟ್ಟಿತು. ನಿನ್ನ ತಾಯಿಯ ತುಟಿಗೆ ಬಣ್ಣ ಬಂತು.

ನಿನಗೀಗ ಅರ್ಥವಾಗಿರಬೇಕು. ಆಗಿಲ್ಲದಿದ್ದರೆ ಬಿಡಿಸಿ ಹೇಳುತ್ತೇನೆ. ನೀನು ಹುಡುಕುತ್ತಿರುವ ಕಳ್ಳಿ ನಿನ್ನ ತಾಯಿ. ಬೇಸಗೆ ಶುರುವಾದಾಗಿನಿಂದ ಪ್ರತಿ ರಾತ್ರಿ ವ್ರೆಜ್‌ನ ಮೆಷೀನು ನಿಂತು ಬೀದಿ ಕತ್ತಲಾದ ಮೇಲೆ ಆ ವೈರು ಚರಂಡಿಯ ಮೇಲೆ ಹಾದು ಬರುತ್ತದೆ, ಬೆಳಗಿನ ಬೆಳಕಿಗೆ ಮುಂಚೆ ವಾಪಸು ಹೋಗುತ್ತದೆ. ಒಣಹಾಕಿದ ಹಾಸಿಗೆ ಬಟ್ಟೆಗಳ ನಡುವೆ ಯಾರಿಗೂ ಕಾಣುವುದಿಲ್ಲ. ನಿಮ್ಮ ಮನೆಗೆ ಅಬು ಸಮೀರ್ ಕೊಡುವುದು ಐದು ಆಂಪಿಯರ್. ಅತ್ತೆಯ ಯಂತ್ರ ಅದರಲ್ಲಿ ಎರಡು ಆಂಪಿಯರ್ ಕೂಡ ತಿನ್ನುವುದಿಲ್ಲ. ನಿನ್ನ ಹಳೆ ಏಸಿಯೊಂದೇ ನಾಲ್ಕನ್ನು ನುಂಗುತ್ತದೆ. ಎರಡೂ ಒಟ್ಟಿಗೆ ಓಡಿದರೆ ಕೆಳಗಿನ ಪೆಟ್ಟಿಗೆಯಲ್ಲಿ ಸ್ವಿಚ್ಚು ಬೀಳುತ್ತದೆ. ನೀನು ಚಪ್ಪಲಿ ಬಡಿಯುತ್ತಾ, ಅಬು ಸಮೀರ್‌ನ ತಾತನವರೆಗೂ ಬೈಯುತ್ತಾ ಮೂರು ಮಹಡಿ ಇಳಿದು ಅದನ್ನು ಎತ್ತಿ ಬರುತ್ತೀಯ. ನೀನು ಕೆಳಗೆ ಹೋಗಿ ಬರುವಷ್ಟು ಹೊತ್ತು ಇಲ್ಲಿ ನಾನು ನಿನ್ನ ತಾಯಿಯ ಬೆನ್ನು ಉಜ್ಜುತ್ತಾ ಕೂತಿರುತ್ತೇನೆ. ಈ ಬೇಸಗೆಯಲ್ಲಿ ನೀನು ಅವರಿಗಾಗಿ ಮಾಡಿದ ಸೇವೆ ಅದೊಂದೇ, ಅದನ್ನೂ ತಿಳಿಯದೆ ಮಾಡಿದ್ದೀಯ.

ಇನ್ನೊಂದು. ನಿನ್ನ ಏಸಿಯ ರಿಮೋಟಿನ ಸೆಲ್ಲುಗಳು ದಿನ ಬಿಟ್ಟು ದಿನ ಸಾಯುತ್ತವೆ ಎಂದು ಬೀದಿಯ ಅಂಗಡಿಯವನೊಂದಿಗೆ ಜಗಳವಾಡಿದೆಯಂತೆ. ಅವನ ಸೆಲ್ಲು ಚೆನ್ನಾಗಿಯೇ ಇವೆ. ಸಿರ್ವಾರ್ತ್ ಅವುಗಳನ್ನು ತೆಗೆದು ತನ್ನ ಏಪ್ರನ್ನಿನ ಜೇಬಿನಲ್ಲಿ ಹಾಕಿಕೊಳ್ಳುತ್ತಾಳೆ. ನೀನು ಸೆಕೆ ಸೆಕೆ ಎಂದು ಒದ್ದಾಡಿ ಮಲಗಿದ ರಾತ್ರಿಗಳಲ್ಲಿ ನಿನ್ನ ತಾಯಿ ಒಂದೇ ನಿದ್ದೆ ಮಾಡಿದ್ದಾರೆ. ಆಮೇಲೆ ನೀನು ಜಾಣನಾದೆ, ದಿಂಬಿನ ಕೆಳಗೆ ಹೆಚ್ಚಿನ ಸೆಲ್ಲು ಇಟ್ಟುಕೊಳ್ಳಲು ಶುರು ಮಾಡಿದೆ. ಬದಲಿ ವಿದ್ಯುತ್ ವ್ಯವಸ್ಥೆ ಎಂದರೆ ನಿನ್ನ ಮಟ್ಟಿಗೆ ಅದೇ ಇರಬೇಕು.

ಸಿರ್ವಾರ್ತಳನ್ನು ನಾನು ಮೆಚ್ಚಿಕೊಂಡಿದ್ದೇನೆ ಎಂದುಕೊಳ್ಳಬೇಡ. ಅವಳ ಕೂದಲಿನ ಬಣ್ಣವನ್ನು ದೇವರು ಯಾವ ತಲೆಗೂ ಕೊಟ್ಟಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ಇಡೀ ಬೇರೂತಿನಲ್ಲಿ ಸಿಕ್ಕಿದ್ದು ನೀನು, ಅಲ್ಲೇ ಅವಳ ಬುದ್ಧಿ ಎಷ್ಟೆಂದು ತಿಳಿಯುತ್ತದೆ. ನಾನು ಒಂದು ಬೆಳಿಗ್ಗೆ ವೈರು ಹಿಂದಕ್ಕೆ ಕೊಡುವಾಗ ಕೇಳಿಯೇಬಿಟ್ಟೆ, ಇದನ್ನೆಲ್ಲ ಏಕೆ ಮಾಡುತ್ತೀ, ನಿನಗೆ ಸಿಗುವ ಪುಣ್ಯವೇನು ಎಂದು. 'ಪುಣ್ಯಾನೂ ಇಲ್ಲ ಮಣ್ಣೂ ಇಲ್ಲ,' ಎಂದಳು, 'ಆ ಕುಯ್ ಅನ್ನೋ ಸದ್ದು ನನಗೆ ನಿದ್ದೆ ಮಾಡೋಕೆ ಬಿಡಲ್ಲ. ನಮ್ಮಮ್ಮ ಹೋದಾಗ ಇದೇ ಸದ್ದು ಇತ್ತು.' ಆಮೇಲೆ ಸಿಗರೇಟಿನ ಬೂದಿ ಕೊಡವಿ, 'ಅವನಿಗೆ ಹೇಳಿದ್ರೆ ಏನ್ ಮಾಡ್ತಾನೆ ಗೊತ್ತಾ? ಒಂದು ದೊಡ್ಡ ಭಾಷಣ ಮಾಡ್ತಾನೆ, ಇಡೀ ಬೀದಿಗೆ ಕೇಳೋ ಹಾಗೆ. ಬೆಳಗಾಗೋದ್ರಲ್ಲಿ ವ್ರೆಜ್‌ಗೆ ಗೊತ್ತಾಗುತ್ತೆ' ಎಂದಳು. ನಾನು ನಿನ್ನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿ ತಿಳಿದುಕೊಂಡದ್ದನ್ನು ಅವಳು ಎರಡು ಬೇಸಗೆಯಲ್ಲಿ ತಿಳಿದುಕೊಂಡಿದ್ದಾಳೆ. ಅಷ್ಟರ ಮಟ್ಟಿಗೆ ಅವಳು ನನಗಿಂತ ಚುರುಕು ಎಂದು ಒಪ್ಪುತ್ತೇನೆ.

ಈಗ ಶನಿವಾರದ ವಿಷಯ. ಅಬು ಸಮೀರ್‌ನ ಆಳು ಬಂದು ಲೈನು ತಡಕಿದರೆ ಸಿರ್ವಾರ್ತಳ ಬಾಲ್ಕನಿಯ ಪ್ಲಗ್ಗು ಸಿಗುತ್ತದೆ. ಅವನು ಅಬು ಸಮೀರ್‌ಗೆ ಹೇಳುತ್ತಾನೆ, ಅಬು ಸಮೀರ್ ವ್ರೆಜ್‌ಗೆ ಹೇಳುತ್ತಾನೆ. ಇಬ್ಬರೂ ಸೇರಿ ಎರಡೂ ಮನೆಯ ಲೈನು ಕಿತ್ತರೆ ನಿನಗೆ ಸೆಕೆಯಾಗುತ್ತದೆ, ನನ್ನ ಹೊಲಿಗೆ ನಿಲ್ಲುತ್ತದೆ, ನಿನ್ನ ತಾಯಿ ಸಾಯುತ್ತಾರೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಬೇಡ, ನಿನಗೆ ಆ ಅಭ್ಯಾಸವಿದೆ. ಆಳಿಗೆ ಇವತ್ತೇ ಬೇಡ ಎಂದು ಹೇಳಿ ಕಳಿಸು. ಕಾರಣ ಕೇಳಿದರೆ ಏಸಿ ಹಳೆಯದಾಗಿದೆ, ತಪ್ಪು ನನ್ನದೇ ಎನ್ನು. ತಪ್ಪು ನನ್ನದು ಎಂದು ಹೇಳಿದರೆ ನಾಲಿಗೆ ಬಿದ್ದುಹೋಗುವುದಿಲ್ಲ, ಒಮ್ಮೆ ಹೇಳಿ ನೋಡು.

ಬೀದಿ ಕತ್ತಲಾದ ಮೇಲೆ ಏಸಿ ಹಾಕಬೇಡ. ನೀರು ಕಾಯಿಸುವುದು, ಬಟ್ಟೆ ಇಸ್ತ್ರಿ, ಏನೂ ಬೇಡ. ಕಿಟಕಿ ತೆರೆದು ಮಲಗು, ಈ ಊರಿನಲ್ಲಿ ಎಲ್ಲರೂ ಹಾಗೇ ಮಲಗುತ್ತಿದ್ದಾರೆ. ಇದನ್ನು ಕ್ಷೌರದಂಗಡಿಯಲ್ಲಿ ಹೇಳಬೇಡ, ಇಸ್ಪೀಟಿನ ಮೇಜಿನಲ್ಲಿ ಹೇಳಬೇಡ, ಗುಟ್ಟು ಎಂದು ಪಿಸುಗುಟ್ಟಿಯೂ ಹೇಳಬೇಡ. ನಿನ್ನ ತಾಯಿಗಂತೂ ಹೇಳಲೇಬೇಡ. ಆ ಕರೆಂಟು ಯಾವ ಮನೆಯಿಂದ ಬರುತ್ತದೆ ಎಂದು ತಿಳಿದ ಕ್ಷಣ ಅವರು ಮೂಗಿನ ನಳಿಕೆ ಕಿತ್ತು ನನ್ನ ಕೈಗೆ ಕೊಡುತ್ತಾರೆ. ಆಣೆ ಇಟ್ಟ ಮೇಲೆ ಮುರಿಯುವ ಹೆಂಗಸಲ್ಲ ಅವರು. ಹತ್ಯಾಕಾಂಡದಿಂದ ತಪ್ಪಿಸಿಕೊಂಡು, ಹುಟ್ಟೂರು ಮರಾಶಿನಿಂದ ನಡೆದು ಬಂದವರ ಮಗಳು.

ಚಳಿಗಾಲಕ್ಕೆ ಏನು ಮಾಡುತ್ತೀ ಎಂದು ನೀನು ಕೇಳಬಹುದು. ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಾನೂ ಸಿರ್ವಾರ್ತಳೂ ಅದನ್ನು ಬಾಲ್ಕನಿಯಲ್ಲಿ ಕೈಸನ್ನೆಯಲ್ಲೇ ಮಾತಾಡಿಕೊಂಡಿದ್ದೇವೆ. ಒಳ್ಳೆಯ ಬ್ಯಾಟರಿ ಎಂದಾದರೂ ಬರಬಹುದು, ಬರುವವರೆಗೆ ಈ ವೈರಿದೆ. ನಿನ್ನ ನಾಲ್ಕು ಪುಟಗಳಲ್ಲಿ ಇಲ್ಲದ ವ್ಯವಸ್ಥೆಯನ್ನು ನಾನು ಆರಿಸಿಕೊಂಡಿದ್ದೇನೆ. ಅದಕ್ಕೆ ಬೇಕಾದದ್ದು ಒಂದು ವೈರು, ಒಂದು ಪೊರಕೆ ಮತ್ತು ನೀನು ಸುಮ್ಮನಿರುವುದು. ಮೊದಲ ಎರಡು ಸಿಕ್ಕಿವೆ.

ಪತ್ರ ಓದಿದ ಮೇಲೆ ಸಿರ್ವಾರ್ತಳ ಮೇಲೆ ಕೂಗಾಡಲು ಹೋಗಬೇಡ. ಕೆಳಗಿಳಿದ ಬುಟ್ಟಿಯನ್ನು ಬೀದಿಗೆ ಬಂದು ಎತ್ತಿಕೊಳ್ಳುವವಳು ಅವಳೇ, ಅವಳು ಇದನ್ನು ಓದಿಯೇ ನಿನಗೆ ಕೊಟ್ಟಿರುತ್ತಾಳೆ. ಕೂದಲಿನ ವಿಷಯ ಓದಿ ಅವಳು ಬುಟ್ಟಿಯನ್ನು ಚರಂಡಿಗೆ ಎಸೆಯದಿದ್ದರೆ ಅದೇ ನನ್ನ ಅದೃಷ್ಟ.

ನಿನ್ನ ಉತ್ತರ ಬೇಕಾಗಿಲ್ಲ. ಶನಿವಾರ ಯಾರೂ ಬರದಿದ್ದರೆ ಅದೇ ಉತ್ತರ ಎಂದು ತಿಳಿಯುತ್ತೇನೆ.

ಇಷ್ಟು ವರ್ಷ ನಿನ್ನ ಪ್ಯಾಂಟುಗಳಿಗೆ ಅಂಚು ಹೊಲಿದು, ಈಗ ಬೇರೆಯವರ ಪ್ಯಾಂಟುಗಳಿಗೆ ಹೊಲಿಯುತ್ತಿರುವ,
ಅಜ್ನೀವ್

ಮತ್ತೆ:
ಮರೆತೆ ಎಂದು ಇದನ್ನು ಕೆಳಗೆ ಬರೆಯುತ್ತಿಲ್ಲ. ಬರೆಯಬಾರದು ಎಂದೇ ಇದ್ದೆ. ಆದರೆ ನೀನು ಎಂದಾದರೂ ಬಾಯಿಬಿಟ್ಟು ಎಲ್ಲವನ್ನೂ ಕೆಡಿಸಬಹುದು ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ವೈರು ಬಂದ ಮಾರನೆಯ ದಿನವೇ ಅತ್ತೆ ಕೇಳಿದರು, ರಾತ್ರಿ ಯಂತ್ರ ಓಡಿದ್ದು ಹೇಗೆ ಎಂದು. ನನ್ನ ಯಾವ ಸುಳ್ಳೂ ಅವರ ಮುಂದೆ ನಿಲ್ಲುವುದಿಲ್ಲ, ನಿನಗೆ ಗೊತ್ತು. ಅವರು ಕಣ್ಣು ಮುಚ್ಚಿ ನಂಬುವ ಸುಳ್ಳು ಈ ಲೋಕದಲ್ಲಿ ಒಂದೇ ಒಂದಿತ್ತು, ಅದನ್ನೇ ಹೇಳಿದೆ. ನಿಮ್ಮ ಮಗ ಬ್ಯಾಟರಿ ಕಳಿಸಿದ್ದಾನೆ ಎಂದೆ.

ಅಡುಗೆಮನೆಯ ಬಾಲ್ಕನಿಯಲ್ಲಿ ಒಂದು ಪೆಟ್ಟಿಗೆ ಇದೆ, ಅದರ ಮೇಲೆ ಅವರು ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದೇನೆ. ಒಳಗಿರುವುದು ನೀನು ಬಿಟ್ಟುಹೋದ ಮರದ ಷೂ ಅಚ್ಚುಗಳು. ಅತ್ತೆ ಹಗಲು ಅದರ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಔಷಧಿಯಂಗಡಿಯವನಿಗೆ, ಪಾದ್ರಿಗೆ, ಕಾಫಿಗೆ ಬಂದ ಹೆಂಗಸರಿಗೆಲ್ಲ ಅದನ್ನು ತೋರಿಸಿ, ಅವನು ಎಲ್ಲಿದ್ದರೇನು, ನನ್ನ ಖೊರೆನ್ ನನ್ನ ಉಸಿರು ನಿಲ್ಲಲು ಬಿಡಲಿಲ್ಲ ನೋಡಿ ಎನ್ನುತ್ತಾರೆ. ನಾನು ಕಾಫಿ ಬಗ್ಗಿಸುತ್ತಾ ಹೌದು ಎನ್ನುತ್ತೇನೆ.

ಈ ಭಾನುವಾರ ಚರ್ಚಿನಲ್ಲಿ ಹೊಸ ಬೆಳೆಯ ದ್ರಾಕ್ಷಿಗೆ ಪಾದ್ರಿಯ ಆಶೀರ್ವಾದ. ಅಲ್ಲಿಯವರೆಗೆ ಅವರು ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕುವುದಿಲ್ಲ. ಈ ಸಲ ನನ್ನ ಮಗನೇ ತಂದುಕೊಡಲಿ ಎಂದಿದ್ದಾರೆ. ಒಂದು ಗೊಂಚಲು ಹಿಡಿದು ಮೇಲೆ ಬಾ. ಕ್ಷೌರ ಮಾಡಿಸಿಕೊಂಡು ಬಾ. ಅವರು ನಿನ್ನ ಎರಡೂ ಕೈ ಹಿಡಿದು ಮುತ್ತಿಡುತ್ತಾರೆ, ಬ್ಯಾಟರಿಯ ಬಗ್ಗೆ ಕೇಳುತ್ತಾರೆ. ಲಿಥಿಯಂ ಎನ್ನು, ಹತ್ತು ವರ್ಷ ಬಾಳುತ್ತದೆ ಎನ್ನು, ನಿನಗೆ ಎಲ್ಲ ಬಾಯಿಪಾಠವಿದೆ. ಇಲ್ಲ ಅಮ್ಮ, ನಾನಲ್ಲ ಎಂದು ಒಳ್ಳೆಯವನಾಗಲು ಮಾತ್ರ ಹೋಗಬೇಡ, ಅದಕ್ಕೆ ಕಾಲ ಮೀರಿದೆ. ಅವರು ಹೊಗಳಿ ಮುಗಿಸುವವರೆಗೂ ನೀನು ಅಲ್ಲಿ ನಿಂತು ಪೂರ್ತಿ ಕೇಳಬೇಕು. ನಾನು ಪಕ್ಕದಲ್ಲೇ ನಿಂತು ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ.